ಐದು ಬಾಗಿಲಿನ ಟ್ಯಾಂಕು

ಮೇಜಿನ ಮೇಲಿನ ಯುದ್ಧದಾಟಕ್ಕೆ ಶ್ರೀವತ್ಸನ ಪುಟಾಣಿ ಸೇನೆ ಆಗಲೇ ಸಜ್ಜಾಗಿತ್ತು. ಎದುರಾಳಿ ಪೂವಯ್ಯನವರು ಮಾತ್ರ ಹಳೆಯ ಕಿಟ್‌ಗಳಲ್ಲಿ ಉಳಿದ ಬಿಡಿಭಾಗಗಳನ್ನು ತಡಕಾಡಿ, ತಮ್ಮ ಅಂಗೈಯಗಲದ ಪ್ಲಾಸ್ಟಿಕ್ ಟ್ಯಾಂಕಿಗೆ ಇನ್ನೊಂದು ಬಾಗಿಲು ಕೂರಿಸುತ್ತಿದ್ದರು. ಅದು ಐದನೆಯದು. ಶ್ರೀವತ್ಸನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಸಾರ್, ಶುರು ಮಾಡೋಣ್ವಾ?"

"ಇರಪ್ಪ, ಇದು ಸಲೀಸಾಗಿ ತೆರ್ಕೊಳ್ಳಲಿ."

"ಇಷ್ಟೊಂದು ಬಾಗಿಲಿಡೋಕೆ ಇದೇನು ಸಿಟಿ ಬಸ್ಸಾ?" ಅವನು ರೇಗಿದ. "ನಿಜವಾದ ಟ್ಯಾಂಕು ಯಾವತ್ತಾದ್ರೂ ನೋಡಿದೀರಾ ಸಾರ್?"

ಪೂವಯ್ಯನವರು ಆ ಸೆಕೆಯಲ್ಲೂ ತೊಟ್ಟಿದ್ದ ಅಂಗಿಯ ತುಂಬುತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. ಹೊಸ ಬಾಗಿಲನ್ನು ಉಗುರಿನಿಂದ ಮೆಲ್ಲಗೆ ತೆರೆದು ನೋಡಿದರು.

"ನಮ್ಮ ಟ್ಯಾಂಕಲ್ಲಿ ಮೂರಿತ್ತು," ಎಂದರು. "ಬೆಂಕಿ ಹೊತ್ಕೊಂಡಾಗ ತೆರ್ಕೊಂಡಿದ್ದು ಒಂದೇ."