ಎಡ ಸಾಲಿನ ಏಡಿಗಳು

2024ರ ಮಾರ್ಚ್ 14, ಗುರುವಾರ, ಬೆಳಗ್ಗೆ ಆರು ಗಂಟೆ ಐದು ನಿಮಿಷ. ಏಡಿ ಸಾಕಣೆಯ ಒಡತಿ ಶೆಡ್ಡಿನ ಕಿಟಕಿಗೆ ಕೊನೆಯ ಮೊಳೆ ಹೊಡೆದಳು. ಇನ್ನು ಕಳ್ಳ ಒಳಗೆ ಬರುವುದಾದರೆ ಗಾಳಿಯಾಗಿಯೇ ಬರಬೇಕು.

ಕಳ್ಳ ಯಾರೆಂಬ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ತಾಯಿಯ ಒಡಹುಟ್ಟಿದ ತಮ್ಮ. ಏಡಿ ಕಚ್ಚದಂತೆ ಹಿಂದಿನಿಂದ ಹಿಡಿಯುವುದನ್ನು ಅವಳಿಗೆ ಏಳನೆಯ ವಯಸ್ಸಿನಲ್ಲಿ ಕಲಿಸಿದ ಸೋದರಮಾವ. ಅವರನ್ನು ಕೆಲಸದಿಂದ ತೆಗೆಯುವ ಕಾಗದ ಅವಳ ಜೇಬಿನಲ್ಲಿತ್ತು, ಸಹಿಯೊಂದು ಬಾಕಿ.

ನಿನ್ನೆ ಫೋನಿನಲ್ಲಿ ತಾಯಿ ಅತ್ತಿದ್ದಳು. "ಅವನು ನನ್ನ ತಮ್ಮ ಕಣೇ. ಹೊಟ್ಟೆಗಿಲ್ಲದಾಗ್ಲೂ ಒಬ್ಬರ ಮುಂದೆ ಕೈ ಚಾಚಿದವನಲ್ಲ."

"ಅಂಕಿ ಸುಳ್ಳು ಹೇಳಲ್ಲ ಅಮ್ಮ."

"ಅಂಕಿ ಬರೆಯೋರು ಯಾರು?"

"ನಾನೇ."

ಶೆಡ್ಡಿನೊಳಗೆ ಉದ್ದನೆಯ ನೀರಿನ ತೊಟ್ಟಿ, ನಡುವೆ ಹಲಗೆಯ ದಾರಿ. ದಾರಿಯ ಎಡಕ್ಕೊಂದು, ಬಲಕ್ಕೊಂದು ತೇಲುವ ಪೆಟ್ಟಿಗೆಗಳ ಸಾಲು. ಪೆಟ್ಟಿಗೆಗೆ ಒಂದೇ ಏಡಿ. ಬೆಳೆಯುವ ಏಡಿ ಹಳೆಯ ಚಿಪ್ಪನ್ನು ಕಳಚುತ್ತದೆ. ಆಗ ಪೆಟ್ಟಿಗೆಯಲ್ಲಿ ಎರಡು ಏಡಿ ಇದ್ದಂತೆ ಕಾಣುತ್ತದೆ: ಒಂದು ಬರೀ ಚಿಪ್ಪು, ಇನ್ನೊಂದು ಬೆಣ್ಣೆಯಷ್ಟು ಮೆತ್ತನೆಯ ಜೀವ. ಅದನ್ನು ತಡಮಾಡದೆ ನೀರಿನಿಂದ ಎತ್ತಬೇಕು. ಐದಾರು ಗಂಟೆ ಬಿಟ್ಟರೆ ಹೊಸ ಚಿಪ್ಪು ಒಣಕಾಗದದಂತೆ ಬಿರುಸಾಗುತ್ತದೆ. ಬಿರುಸಾದ ಏಡಿಯನ್ನು ದೊಡ್ಡ ಹೋಟೆಲಿನವರು ಮುಟ್ಟುವುದಿಲ್ಲ. ಅದು ಪೇಟೆಯ ಮೀನಂಗಡಿಗೆ ಹೋಗುತ್ತದೆ. ಆ ಮೀನಂಗಡಿ ಮಾವನ ಮಗಳ ಗಂಡನದು.

ಪೆಟ್ಟಿಗೆಗಳನ್ನು ನೋಡಿಬರುವ ರಾತ್ರಿ ಎರಡರ ಸರದಿ ಕಾವಲುಗಾರನದು, ಬೆಳಗಿನ ಆರರದು ಅವಳದು, ಹತ್ತರದು ಮಾವನದು. ಮೂರು ವಾರದಿಂದ ಮಾವ ದಿನಕ್ಕೆ ನಾಲ್ಕೈದು ಬಿರುಸಾದ ಏಡಿಗಳನ್ನು ಎತ್ತಿ ತೋರಿಸುತ್ತಿದ್ದರು. ಅವಳ ತರ್ಕ ನೇರವಾಗಿತ್ತು. ಆರರ ನಂತರ ಚಿಪ್ಪು ಕಳಚಿದ ಏಡಿ ಹತ್ತರೊಳಗೆ ಬಿರುಸಾಗದು. ಆರಕ್ಕೆ ಮೊದಲೇ ಕಳಚಿದ್ದರೆ ಅವಳೇ ಎತ್ತಿರುತ್ತಿದ್ದಳು. ಅಂದಮೇಲೆ ಯಾರೋ ಮೆತ್ತನೆಯದನ್ನು ಸಾಗಿಸಿ, ಬಿರುಸಾದದ್ದನ್ನು ಖಾಲಿ ಚಿಪ್ಪಿನ ಸಮೇತ ತಂದಿಡುತ್ತಿದ್ದಾರೆ. ಅಂಥ ಪೆಟ್ಟಿಗೆಗಳೆಲ್ಲ ಎಡ ಸಾಲಿನವು. ಕಿಟಕಿ ಇರುವುದೂ ಎಡ ಗೋಡೆಯಲ್ಲೇ.

ಇಂದು ಪರೀಕ್ಷೆ. ಪರೀಕ್ಷೆಯಲ್ಲಿ ಒಂದನ್ನು ಮಾತ್ರ ಬದಲಿಸಬೇಕು ಎಂದು ಕಾಲೇಜಿನಲ್ಲಿ ಕಲಿತವಳು ಅವಳು. ಹಾಗಾಗಿ ಬೀಗ ಮತ್ತು ಮೊಳೆ ಬಿಟ್ಟು ಬೇರೇನನ್ನೂ ಬದಲಿಸಲಿಲ್ಲ. ದಿನದಂತೆ ಮೂಡಣ ಬಾಗಿಲಿನಿಂದ ಹೊಕ್ಕಳು. ದಿನದಂತೆ ಕತ್ತು ತಿರುಗಿಸದೆ, ಒಂದೇ ನಡಿಗೆಯಲ್ಲಿ ಎರಡೂ ಸಾಲು ನೋಡುತ್ತ ಸಾಗಿದಳು. ಹೊಸಬರು ಪೆಟ್ಟಿಗೆ ಪೆಟ್ಟಿಗೆಗೂ ಬಗ್ಗುತ್ತಾರೆ; ಪಳಗಿದವರಿಗೆ ಅದು ಬೇಕಿಲ್ಲ. ಆರು ಮೆತ್ತನೆಯವು ಸಿಕ್ಕವು. ಪಡುವಣ ಬಾಗಿಲಿನಿಂದ ಹೊರಬೀಳುವಾಗ ಎಡಭುಜಕ್ಕೆ ಕಂಬ ಬಡಿಯಿತು. ದರಿದ್ರ ಕಂಬ, ದಿನಾ ಅಡ್ಡ ಬರುತ್ತದೆ. ಎರಡೂ ಬಾಗಿಲಿಗೆ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡು, ಹೊರಗೆ ಕುರ್ಚಿ ಹಾಕಿ ಕುಳಿತಳು.

ಹತ್ತಕ್ಕೆ ಐದು ನಿಮಿಷವಿರುವಾಗ ಮಾವ ಬಂದರು. ಬೀಗ ನೋಡಿ ನಕ್ಕರು.

"ಏನೇ ಪುಟ್ಟಿ, ಏಡಿಗಳು ಮನೆ ಬಿಟ್ಟು ಓಡಿಹೋಗ್ತಾವೆ ಅಂತಾನಾ?"

"ಓಡಿಸೋರು ಇದ್ದಾರಲ್ಲ ಮಾವ."

ನಗು ಆರಿತು. "ನಾನು ಹೇಳ್ತಾನೇ ಇದ್ದೀನಿ. ನಿನ್ನ ಕಣ್ಣಿಗೆ ಬೀಳದ್ದು ನನ್ನ ಕೈಗೆ ಸಿಗುತ್ತೆ."

"ಇವತ್ತು ಅದನ್ನೇ ನೋಡೋಣ ಅಂತ."

ಮೂಡಣ ಬಾಗಿಲಿನಿಂದ ಒಳಗೆ ಕಾಲಿಟ್ಟೊಡನೆ ಮಾವ ಅವಳ ಎಡಮಗ್ಗುಲಿಗೆ ಬಂದರು. ಇತ್ತೀಚೆಗೆ ಅವರದು ಇದೇ ಚಾಳಿ. ಎಡ ಸಾಲನ್ನು ಮರೆಮಾಡುವ ಹುನ್ನಾರ.

"ಬಲಗಡೆ ಬನ್ನಿ ಮಾವ."

"ಬರ್ತೀನಿ. ನೀನು ಹಲಗೆ ಅಂಚು ನೋಡ್ಕೊಂಡು ನಡಿ."

ಬಲಕ್ಕೆ ಸರಿದು ನಡೆದ ಮಾವ ಒಂಬತ್ತನೆಯ ಪೆಟ್ಟಿಗೆಯ ಬಳಿ ನಿಂತರು. ಅವಳನ್ನು ಬಳಸಿ ಎಡಕ್ಕೆ ಬಗ್ಗಿ, ಖಾಲಿ ಚಿಪ್ಪೊಂದನ್ನು ಎತ್ತಿ ಹಲಗೆಯ ಮೇಲಿಟ್ಟರು. ಅದರ ಪಕ್ಕ ಏಡಿಯನ್ನಿಟ್ಟರು. ಅವಳು ಹೆಬ್ಬೆರಳಿನಿಂದ ಬೆನ್ನೊತ್ತಿದಳು. ಕಾಗದ ಮುರಿದಂಥ ಸದ್ದು.

ಹದಿನಾಲ್ಕರಲ್ಲಿ ಇನ್ನೊಂದು. ಮೂವತ್ತೊಂದರಲ್ಲಿ ಮತ್ತೊಂದು. ಮೂರೂ ಎಡ ಸಾಲಿನವು.

ಅವಳು ಕಿಟಕಿಗೆ ಓಡಿದಳು. ಮೊಳೆಗಳು ಹೊಡೆದಂತೆಯೇ ಇದ್ದವು. ಪಡುವಣ ಬಾಗಿಲ ಬೀಗ ಅಲುಗಿರಲಿಲ್ಲ.

"ಹೇಗೆ ಮಾಡಿದ್ರಿ? ಕಾವಲುಗಾರನೂ ನಿಮ್ಮ ಜೊತೆ ಸೇರಿದಾನಾ? ಅಮ್ಮನ ಮುಖ ನೋಡಿ ಮೂರು ವಾರ ಬಾಯಿ ಮುಚ್ಕೊಂಡಿದ್ದೆ. ಇವತ್ತು ನಿಜ ಹೇಳಿ, ಇಲ್ಲಾಂದ್ರೆ ನಾಳೆಯಿಂದ ಈ ಬಾಗಿಲು ತುಳೀಬೇಡಿ."

ಮಾವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಕೆರಳಿಸಿತು.

"ತುಳಿಯಲ್ಲ. ಅದಕ್ಕೆ ಮೊದಲು ಒಂದು ಕೆಲ್ಸ ಮಾಡು. ಆ ಬಾಗಿಲನ್ನೇ ನೋಡ್ತಾ ನಿಲ್ಲು. ಕತ್ತು ತಿರುಗಿಸ್ಬೇಡ."

"ಇದೇನು ಹುಡುಗಾಟ?"

"ಹುಡುಗಾಟ ಅಂತಲೇ ಅಂದ್ಕೋ. ನಿಂತ್ಕೋ ಒಂದ್ನಿಮಿಷ."

ಅವಳು ಹಲ್ಲು ಕಚ್ಚಿ ಎದುರಿನ ಬಾಗಿಲನ್ನು ದಿಟ್ಟಿಸಿದಳು. ಮಾವ ಬೆನ್ನ ಹಿಂದೆ ಸರಿದರು. ಹಲಗೆ ಕಿರುಗುಟ್ಟಿ ಸುಮ್ಮನಾಯಿತು. ನೀರಿನ ಪಂಪು ಗುಂಯ್‌ಗುಡುತ್ತಿತ್ತು. ಅವಳು ಕಾದಳು.

"ಅದೇನು ಬೇಗ ತೋರಿಸಿ ಮಾವ. ಎಷ್ಟು ಹೊತ್ತು ಹೀಗೇ ನಿಲ್ಲಲಿ?"

ಕಿವಿಯ ಹತ್ತಿರವೇ ದನಿ ಬಂತು. "ಆಗ್ಲಿಂದ ತೋರಿಸ್ತಾನೇ ಇದ್ದೀನಲ್ಲೇ ಪುಟ್ಟಿ."

ಅವಳು ಎಡಕ್ಕೆ ತಿರುಗಿದಳು. ಕೆನ್ನೆಯಿಂದ ಒಂದು ಗೇಣು ದೂರದಲ್ಲಿ, ಮಾವನ ಚಾಚಿದ ಕೈಯಲ್ಲಿ ಏಡಿ ಎಂಟೂ ಕಾಲು ಆಡಿಸುತ್ತಿತ್ತು.

ಮಧ್ಯಾಹ್ನ ಮೂರೂವರೆಗೆ ಕಣ್ಣಿನ ಡಾಕ್ಟರು, ಪಕ್ಕದ ನೋಟವನ್ನು ಸದ್ದಿಲ್ಲದೆ ಅಳಿಸುವ ಒತ್ತಡವನ್ನು ಅವಳ ಎಡಗಣ್ಣಿನಲ್ಲಿ ಎರಡು ಸಲ ಅಳೆದರು. ಇಪ್ಪತ್ತೊಂದನ್ನು ಮೀರಬಾರದಿದ್ದ ಅಂಕಿ ಎರಡು ಸಲವೂ ಮೂವತ್ತೆಂಟು ಇತ್ತು.