ಸುಳ್ಳು ಹಿಡಿಯುವ ಪ್ರಶ್ನೆ

ಆಸ್ಪತ್ರೆಯ ಬಗ್ಗೆ ರೋಗಿಗಳು ಮನಸ್ಸಿನಲ್ಲಿದ್ದದ್ದನ್ನೇ ಹೇಳುತ್ತಾರೋ ಇಲ್ಲವೋ ಎಂದು ತಿಳಿಯಲು ಸುಚೇತಾ ತನ್ನ ಪ್ರಶ್ನಾವಳಿಯ ನಡುವೆ ಒಂದು ತುಂಟ ಪ್ರಶ್ನೆ ಸೇರಿಸಿದ್ದಳು. ಆ ಆಸ್ಪತ್ರೆಗೆ ಇದ್ದದ್ದು ನೆಲಮಹಡಿ ಮಾತ್ರ.

“ಅಜ್ಜಿ, ಡಾಕ್ಟರು ಹೇಗೆ ನೋಡ್ಕೋತಾರೆ?”

“ಬಂಗಾರದಂಥೋರು.”

“ಊಟ?”

“ಮದುವೆಮನೆ ಊಟ ಕಣಮ್ಮ.”

“ಲಿಫ್ಟು?”

“ಅಯ್ಯೋ, ಹತ್ತಿದ್ದೇ ಗೊತ್ತಾಗಲ್ಲ, ಅಷ್ಟು ಮೆತ್ತಗೆ ಹೋಗ್ತೈತೆ.”

ಸುಚೇತಾ ಪೆನ್ನು ಕೆಳಗಿಟ್ಟಳು. “ಇಲ್ಲಿ ಲಿಫ್ಟೇ ಇಲ್ಲ ಅಜ್ಜಿ! ಯಾಕೆ ಸುಳ್ಳು ಹೇಳ್ತೀರಿ?”

ಮಂಚದ ಪಕ್ಕ ಇಂಜೆಕ್ಷನ್ ಹಿಡಿದು ನಿಂತಿದ್ದ ನರ್ಸಮ್ಮನನ್ನು ಅಜ್ಜಿ ಒಮ್ಮೆ ನೋಡಿದಳು. ಆಮೇಲೆ ಸುಚೇತಾಳ ಹಿಂದೆ ಕೈಕಟ್ಟಿ ನಿಂತಿದ್ದ ಕನ್ನಡಕದವರತ್ತ ಗದ್ದ ಎತ್ತಿದಳು.

“ಅವರ್ಯಾರು?”

“ನಮ್ಮ ಪ್ರೊಫೆಸರ್ರು. ನನ್ನ ಪಿಎಚ್‌ಡಿಗೆ ಅವರೇ ಗೈಡು.”

“ಹೆಂಗೆ ಮನುಷ್ಯ?”

ಬೆಳಿಗ್ಗೆ ಬಸ್ಸಿನುದ್ದಕ್ಕೂ ಗೆಳತಿಯ ಹತ್ತಿರ ಅವರನ್ನು ಬೈದುಕೊಂಡೇ ಬಂದಿದ್ದ ಸುಚೇತಾ, ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದಳು:

“ದೇವರಂಥೋರು, ಅಜ್ಜಿ.”

ಅಜ್ಜಿ ಸೂಜಿಗೆ ತೋಳು ಚಾಚಿದಳು.

“ಹಂಗಾರೆ ನಿನ್ನ ಲಿಫ್ಟೂ ಮೆತ್ತಗೇ ಹೋಗ್ತೈತೆ ಅನ್ನು.”