ಹಾರಕದ ಉಪ್ಪಿಟ್ಟು

ಹೇಳಿಬಿಡಲೇ? ಮಾವ ಇನ್ನೂ ಎರಡೇ ತುತ್ತು ತಿಂದಿದ್ದಾರೆ. ಹೇಳಿದರೆ ತಟ್ಟೆ ಸರಿಸಿ ಏಳುತ್ತಾರೆ. ಎದ್ದರೆ ಸಂಬಂಧವೂ ಅಲ್ಲಿಗೆ ಮುಗಿದಂತೆ.

ಹಾಲಸ್ವಾಮಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅವನು ನೋಡಲು ಬಂದಿದ್ದ ಹುಡುಗಿ ಕಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಬಾಗಿಲ ಪಕ್ಕದಲ್ಲೇ ಕೂತ ಅವನಿಗೆ ಅವಳ ತಾಯಿಯ ಪಿಸುಮಾತು ಕೇಳಿಸಿತ್ತು: "ಅಯ್ಯೋ ಮಾರಾಯ್ತಿ, ಹಳೇ ಹಾರಕ ಬಿಟ್ಟು ಹೊಸಾದನ್ನ ಬೀಸಿದೀಯಲ್ಲೇ!"

ಆ ವರ್ಷ ಮಳೆ ಕೈಕೊಟ್ಟು, ಭದ್ರಾವತಿ ಸುತ್ತಿನ ಒಣಹೊಲಗಳಲ್ಲಿ ತಲೆ ಎತ್ತಿ ನಿಂತದ್ದು ಕಿರುಧಾನ್ಯವಾದ ಹಾರಕವೊಂದೇ. ಕೊಯ್ಲಿನ ಹೊತ್ತಿಗೆ ದಾರಿ ತಪ್ಪಿ ಬಂದ ಮಳೆ ತೆನೆಗಳನ್ನು ನೆನೆಸಿತ್ತು. ನೆನೆದ ಹೊಸ ಹಾರಕ ಸೇಂದಿಯ ಹಾಗೆ ತಲೆಗೇರುತ್ತದೆಂದು ಹಾಲಸ್ವಾಮಿಗೆ ಅಜ್ಜಿ ಹೇಳಿದ್ದಳು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಮಾರುವ ಸೋದರಮಾವ ಉಜ್ಜನಪ್ಪನವರಿಗೆ ಅದು ಗೊತ್ತಿರಲಿಲ್ಲ. "ಹಾರಕ ತಿನ್ನೋರ ಮನೆ ಹೆಣ್ಣು ನಮಗ್ಯಾಕೋ?" ಎಂದು ಅವರು ರೈಲಿನಲ್ಲಿ ದಾರಿಯುದ್ದಕ್ಕೂ ಗೊಣಗಿದ್ದರು.

"ರವೆ ಸಿಕ್ಕಲಿಲ್ವೇನ್ರೀ ಜಂಬಣ್ಣ?" ಎಂದರು ಮಾವ.

"ಸಿಕ್ಕಿದ್ರೂ ಇದನ್ನೇ ಕೊಡ್ತಿದ್ವಿ ಸ್ವಾಮಿ. ನಮ್ಮ ಹೊಲದ್ದು," ಎಂದರು ಹುಡುಗಿಯ ತಂದೆ.

ಮಾವ ಮತ್ತೊಂದು ತುತ್ತು ತಿಂದರು. ಹುಬ್ಬು ಮೇಲೇರಿತು. "ಪರ್ವಾಗಿಲ್ಲ ಕಣಯ್ಯ, ಹಗುರಾಗಿದೆ. ಇನ್ನೊಂಚೂರು ಬರ್ಲಿ."

ಒಳಗಿಂದ ಯಾರೂ ಬರಲಿಲ್ಲ. ಹಾಲಸ್ವಾಮಿ ತನ್ನ ತಟ್ಟೆಯ ಅರ್ಧವನ್ನು ಮಾವನ ತಟ್ಟೆಗೆ ಸುರಿದ.

ತಟ್ಟೆ ಎತ್ತಲು ಬಂದ ಕಲ್ಲಮ್ಮ ಅವನ ತಟ್ಟೆಯಲ್ಲಿ ಉಳಿದಿದ್ದನ್ನು ನೋಡಿದಳು. ಮಾವನ ಖಾಲಿ ತಟ್ಟೆಯನ್ನು ಅದರ ಮೇಲೆ ಕವುಚಿ ಒಳಗೆ ಒಯ್ದಳು.

ಕಾಫಿ ಮುಗಿಯುವಷ್ಟರಲ್ಲಿ ಮಾವ ಕಂಬ ಹಿಡಿದುಕೊಂಡಿದ್ದರು. "ಜಂಬಣ್ಣ, ನಿಮ್ಮನೆ ಕಂಬ ಯಾಕ್ರೀ ಕುಣೀತಿದೆ? ಹೆಣ್ಣು ನಮ್ದೇ! ತಾಂಬೂಲ ತನ್ನಿ! ಏನೋ ಹಾಲಸ್ವಾಮಿ, ಒಪ್ಪಿಗೇನಾ?"

"ಹೂಂ," ಎಂದ ಹಾಲಸ್ವಾಮಿ. ಜಂಬಣ್ಣ ಗಾಬರಿಯಲ್ಲಿ ತಾಂಬೂಲದ ಜೊತೆಗೆ ಮಜ್ಜಿಗೆಯನ್ನೂ ತರಿಸಿದರು.

ಮರುದಿನ ಅಂಗಡಿಯಲ್ಲಿ ಮಾವ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. "ನಿನ್ನೆ ಮಾತಾಡಿದ್ದು ನಾನಲ್ವೋ, ಆ ಹಾಳು ಹಾರಕ. ತಾಂಬೂಲ ಬದಲಾಗೋಯ್ತು, ಇನ್ನು ಹಿಂದೆಗೆಯೋ ಹಾಗಿಲ್ಲ. ಪಾಪ, ನೀನೂ ಅದರ ಅಮಲಲ್ಲೇ ಹೂಂ ಅಂದ್ಯೇನೋ?"

ಹಾಲಸ್ವಾಮಿ ಬಿಚ್ಚಿ ಬಿದ್ದಿದ್ದ ಸೀರೆಯೊಂದನ್ನು ಎತ್ತಿ ಮಡಿಸತೊಡಗಿದ.

ಆ ಉಪ್ಪಿಟ್ಟಿನ ಒಂದು ಅಗುಳನ್ನೂ ತಾನು ಬಾಯಿಗಿಟ್ಟಿರಲಿಲ್ಲ ಎಂಬುದನ್ನು ಅವನು ಯಾವತ್ತೂ ಹೇಳಲಿಲ್ಲ.